ಸಾಲದ ಮೂಗು

ಆನ್ಸೆಲ್ಮ್‌ನ ಮೂಗು ಸತ್ತು ಮೂರು ಚಳಿಗಾಲ.
ಜ್ವರ ಬಂತು, ಹೋಯಿತು, ಹೋಗುವಾಗ
ವಾಸನೆಯನ್ನೆಲ್ಲ ಗುಡಿಸಿಕೊಂಡು ಹೋಯಿತು.
ನಲವತ್ತೊಂದು ವರ್ಷ ನೆಲಮಾಳಿಗೆ ಆಳಿದವನು,
ಪೀಪಾಯಿಯ ತೂತಿಗೆ ಮೂಗು ಹಚ್ಚಿ
ಯಾವುದು ಹುಳಿಯುತ್ತಿದೆ, ಯಾವುದು ಮುನಿಸಿಕೊಂಡಿದೆ
ಎಂದು ಹೇಳುತ್ತಿದ್ದವನು,
ಈಗ ಹಾಲು ಸೀದರೂ ತಿಳಿಯದವನು.

"ಒಡಿಲ್, ಭಾನುವಾರ ಬಾ. ಮೂಗು ತಗೊಂಡು ಬಾ."
ಫೋನಿನಲ್ಲಿ ಅಷ್ಟೇ.

ಹೋದೆ. ಜಿರೋಂದ್ ನದಿ ಇಳಿತದಲ್ಲಿತ್ತು, ಕೆಸರೆಲ್ಲ ಹೊಳಪು.
ಮೇಜಿನ ಮೇಲೆ ಎಪ್ಪತ್ತೆಂಟರ ಬಾಟಲಿ,
ಗಸಿ ತಳಕ್ಕಿಳಿಯಲೆಂದು ಗುರುವಾರದಿಂದ ನೆಟ್ಟಗೆ ನಿಂತದ್ದು.
ಚೀಟಿಯನ್ನು ಬೂಷ್ಟು ತಿಂದು
ಉಳಿಸಿದ್ದು ಅರ್ಧ ಗೋಪುರ, ಎಂಟರ ಹೊಟ್ಟೆ.

ಆ ವರ್ಷ ನನಗೆ ಹತ್ತೊಂಬತ್ತು.
ಬೇಸಿಗೆಯುದ್ದಕ್ಕೂ ಬರೀ ಮೋಡ;
ಪಾದ್ರಿಯೂ ಪ್ರಾರ್ಥನೆ ಬಿಟ್ಟು ಬೈಯತೊಡಗಿದ್ದ.
ಸೆಪ್ಟೆಂಬರಿಗೆ ಬಿಸಿಲು ಬಂತು
ಊಟ ಮುಗಿಯುವ ಹೊತ್ತಿಗೆ ಬಂದ ನೆಂಟನಂತೆ,
ಕ್ಷಮೆ ಕೇಳದೆ, ಆದರೆ ಎರಡೂ ಕೈ ತುಂಬ.
ಅಕ್ಟೋಬರಿನಲ್ಲಿ ಕೊಯ್ಲು. ಕತ್ತರಿ ತಾಗಿ
ನನ್ನ ಎಡ ಹೆಬ್ಬೆರಳಲ್ಲಿ ರಕ್ತ.
ಆನ್ಸೆಲ್ಮ್ ಓಡಿ ಬಂದು ನೋಡಿದ್ದು
ಮೊದಲು ಬುಟ್ಟಿಯ ದ್ರಾಕ್ಷಿ, ಆಮೇಲೆ ನನ್ನ ಕೈ.

ಬಿರಡೆ ಅರ್ಧಕ್ಕೇ ಮುರಿಯಿತು.
ಉಳಿದರ್ಧವನ್ನು ಮಗುವಿನ ಕಾಲಿನ ಮುಳ್ಳಿನಂತೆ ತೆಗೆದ.
ಕುತ್ತಿಗೆಯ ಕೆಳಗೆ ಮೇಣದಬತ್ತಿ ಹಿಡಿ ಎಂದ. ಹಿಡಿದೆ.
ವೈನು ಗಾಜಿನ ಹೂಜಿಗೆ ಇಳಿಯಿತು, ಎಳೆಯಾಗಿ, ಸದ್ದಿಲ್ಲದೆ;
ಗಸಿಯ ಮೊದಲ ಹೊಗೆ ಬೆಳಕಿಗೆ ಅಡ್ಡ ಬಂದದ್ದೇ
ಕೈ ತಾನಾಗಿ ನಿಂತಿತು.
ಆ ಕೈಗೆ ಜ್ವರ ಬಂದಿರಲಿಲ್ಲ.

ನಡುವೆ ದಾಳಿಂಬೆ, ಅಂಚಿಗೆ ಇಟ್ಟಿಗೆ,
ಅಂಚಿನಾಚೆಯ ಗೆರೆಯಲ್ಲಿ ಹಳೆ ಕಾಗದದ ಹಳದಿ.

"ಹೇಳು."

ನಾನು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತಳಾದವಳು.
ಪ್ಯಾರಿಸಿನಿಂದ ಕಾರಿನಲ್ಲಿ ಬರುವ ರಸಿಕರು
ಒಂದು ಗುಟುಕಿಗೆ ಒಂದು ಮರದ ಅಡ್ಡೆ,
ಒಂದು ಕುದುರೆಲಾಯ, ಒಂದು ಹೂದೋಟ ಸುರಿಯುತ್ತಾರೆ.
ನನಗೆ ಆ ಮಾತು ಬಾರದು.
ಏನೂ ಇಲ್ಲ ಎಂದೆ. ಬೀಗ ಹಾಕಿದ ಕೋಣೆ.
"ತಾಳು."
ತಾಳಿದೆವು. ಗೋಡೆ ಗಡಿಯಾರ, ಒಂದು ನೊಣ.
ಆಮೇಲೆ,
ಅಣಬೆ ಕಿತ್ತ ಜಾಗದ ಮಣ್ಣು.
ಅಪ್ಪನ ಟೋಪಿಯ ಒಳಪಟ್ಟಿ.
ಪೆನ್ಸಿಲು ಚೂಪು ಮಾಡಿದ ಸಿಪ್ಪೆ.
ಮತ್ತೆ, ತೀರಾ ಹಿಂದೆ, ಯಾರೋ
ಬಾಗಿಲು ತುಸುವೇ ತೆರೆದು ಮುಚ್ಚಿದಂತೆ,
"ಹಣ್ಣು. ಇನ್ನೂ ಇದೆ, ಆನ್ಸೆಲ್ಮ್. ಹಣ್ಣು."

ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.
ಓದು ಬಾರದವರು ತಮಗೇ ಬಂದ ಕಾಗದವನ್ನು
ನನ್ನ ಕಿಟಕಿಗೆ ತಂದು ಓದಿಸಿಕೊಳ್ಳುವಾಗ
ಹೀಗೇ ನಿಲ್ಲುತ್ತಿದ್ದರು.

ಆಮೇಲೆ ತಾನೂ ಒಂದು ಗುಟುಕು.
ಅವನ ಪಾಲಿಗೆ ಉಳಿದದ್ದು ಹುಳಿ, ಕಹಿ,
ಮತ್ತೆ ಒಗರು, ಮೂಗಿನ ಹಂಗಿಲ್ಲದ್ದು.
ಎಳೆಯದಿದ್ದಾಗ ಈ ವೈನು
ನಾಲಗೆಗೆ ಒರಟು ಕಂಬಳಿ ಹೊದಿಸುತ್ತಿತ್ತು,
ಕೊಳ್ಳಲು ಬಂದವರು ಮುಖ ಕಿವುಚಿ ಹೋಗಿದ್ದರು.
ಈಗ ಅದನ್ನೇ ಹುಡುಕಿದ. ಕೆನ್ನೆಯೊಳಗೆ ಹೊರಳಿಸಿದ.
"ಕರಗಿಹೋಗಿದೆ," ಎಂದ, ಹೆಮ್ಮೆಯೋ ಸೂತಕವೋ ತಿಳಿಯದ ದನಿಯಲ್ಲಿ.
ನುಂಗಿದ. ಬಹಳ ಹೊತ್ತಿನ ಮೇಲೆ
ನಾಲಗೆಯಿಂದ ಒಸಡು ತಡವಿ ನಕ್ಕ:
"ಇಲ್ಲಿದ್ದಾನೆ ಕಳ್ಳ. ಹಿಂದಿನ ಹಲ್ಲಿನ ಬುಡದಲ್ಲಿ.
ಸಾಸಿವೆಯಷ್ಟು."

ಬ್ರೆಡ್ಡು ಮುರಿದೆವು, ಮೇಕೆ ಚೀಸು ತಿಂದೆವು,
ಸತ್ತವರ ಲೆಕ್ಕ ಹಾಕಿದೆವು.
ಹೂಜಿಯಲ್ಲಿ ಎರಡು ಬೆರಳು ಉಳಿದಾಗ ಕೇಳಿದ:
"ಹಣ್ಣು ಇದೆಯಾ ಇನ್ನೂ?"
ಲೋಟದಲ್ಲಿ ಬರೀ ತಣಿದ ಚಹಾ, ಒದ್ದೆ ಎಲೆ.
ಇದೆ ಎಂದೆ.
"ಸುಳ್ಳು. ಒಂದು ಗಂಟೆಗೆ ಅದು ಹೋಗಬೇಕು.
ಹೋಗದಿದ್ದರೆ ನಾನು ಮಾಡಿದ ವೈನಲ್ಲ."

ತೊಳೆಯಲು ಲೋಟ ಎತ್ತಿದರೆ ಕೈ ಅಡ್ಡ ಇಟ್ಟ,
ಹೆಬ್ಬೆರಳಿನ ಹಳೆ ಗಾಯದ ಗೆರೆಯ ಮೇಲೆ
ಅವನ ಬೆರಳು ಒಂದು ಕ್ಷಣ ನಿಂತಿತು.
"ಖಾಲಿ ಲೋಟ ಬೆಳಗ್ಗೆ ಮಾತಾಡುತ್ತೆ.
ಎಂಟಕ್ಕೆ ಬಾ."