ನಿಘಂಟಿಗೆ ಸೇರಿಸು

ಕೆಳಮಹಡಿಯ ಲಾನ್ ಕೊಟ್ಟದ್ದು ಈ ಲ್ಯಾಪ್‌ಟಾಪು.
ಕಾಟ್ಬುಸ್ ಸ್ಟೇಷನ್ನಿನ ಹಿಂದೆ ಅವಳ ಹೊಲಿಗೆ ಅಂಗಡಿ,
ಹನೋಯಿಯಿಂದ ಬಂದು ಮೂವತ್ತೇಳು ವರ್ಷ,
ಇನ್ನೂ ಪ್ಯಾಂಟಿನ ಅಂಚು ಮಡಿಚುತ್ತಾಳೆ.
'ಎಫ್' ಕೀಲಿ ಒತ್ತಿದರೆ ಮೇಲೇಳುವುದಿಲ್ಲ, ಉಗುರಲ್ಲಿ ಎತ್ತಬೇಕು.
"ಬರಿ ಕೀತೊ," ಅಂದಳು, "ಗುರುವಾರ ಮಾತ್ರ ವಾಪಸ್ಸು ಬೇಕು,
ತೆರಿಗೆ ಲೆಕ್ಕ ಇದೆ."

ಕಾದಂಬರಿ ಬರೆಯಲು ತಂತ್ರಾಂಶ ಬೇಕಂತೆ.
ಬೇಕಂತೆ ಏನು, ನಾನೇ ಅಂದುಕೊಂಡದ್ದು:
ಅಗೆಯುವವನಿಗೆ ಯಂತ್ರ ಮೊದಲು, ಮಣ್ಣು ಆಮೇಲೆ.
ಪಿಂಚಣಿಯಲ್ಲಿ ಬದುಕುವವನು ಕೊಳ್ಳುವ ಮಾತೇ ಇಲ್ಲ.
ಪುಗಸಟ್ಟೆ ಅಂದರೆ ನನಗೊಂದು, ನಮ್ಮಪ್ಪನಿಗೊಂದು;
ಐದು ಇಳಿಸಿಕೊಂಡೆ.

ಒಂದರಲ್ಲಿ ಕಾರ್ಕಿನ ಹಲಗೆ, ಹಳದಿ ಚೀಟಿ, ಗುಂಡುಸೂಜಿ.
ಮನೆಗೊಂದು ಚೀಟಿ ಚುಚ್ಚಿದೆ: ಲೆಜಿಂಗರ ಕೊಟ್ಟಿಗೆ,
ಕಮ್ಮಾರನ ಮನೆ, ಅಜ್ಜಿಯ ಅಗಸೆನಾರಿನ ಬಟ್ಟೆಗಳಿದ್ದ ಕೋಣೆ,
ಬಾವಿ, ಬಾವಿಯ ಪಕ್ಕದ ಲಿಂಡೆನ್ ಮರ.
ಬೆರಳಲ್ಲಿ ಎಳೆದರೆ ಮನೆ ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತದೆ.
ಇಷ್ಟು ಸಲೀಸು. ನನಗೆ ಗೊತ್ತಿತ್ತು ಎಷ್ಟು ಸಲೀಸು ಅಂತ.
ಮುಚ್ಚಿದೆ.

ಎರಡನೆಯದು ಕೇಳಿತು: ನಿಮ್ಮ ನಾಯಕನಿಗೆ ಏನು ಬೇಕು?
ಚೌಕ ತುಂಬದೆ ಮುಂದಿನ ಪುಟಕ್ಕೆ ಬಿಡಲೊಲ್ಲದು.
'ರಾತ್ರಿ ಪಾಳಿಯ ಭತ್ಯೆ' ಅಂತ ಬರೆದೆ.
ಅವನಿಗಿರುವ ಅಡ್ಡಿ ಏನು?
ಅಡ್ಡಿ ಏನೂ ಇರಲಿಲ್ಲ. ಅದೇ ಕತೆ.

ಇನ್ನೊಂದು, ಹುಡುಗರಿಗೆಂದು ಮಾಡಿದ್ದಿರಬೇಕು,
ಐದು ಸೆಕೆಂಡು ಬೆರಳು ನಿಂತರೆ
ಬರೆದದ್ದನ್ನು ತಾನೇ ತಿನ್ನತೊಡಗುತ್ತದೆ.
ಅಕ್ಷರ ಮಂಕಾಗುವುದನ್ನು ಕೈಕಟ್ಟಿ ನೋಡಿದೆ.
ಕೊನೆಯ ಸಲ ಊರಿಗೆ ಹೋದದ್ದು
ಇಂಥದೊಂದರ ಹೊಟ್ಟೆಯಲ್ಲಿ ಕೂತೇ:
ಹದಿನೆಂಟು ಬಕೆಟ್ಟಿನ ಚಕ್ರ, ಅಡಿಯಲ್ಲಿ ಕಂದು ಕಲ್ಲಿದ್ದಲು,
ನಿಲ್ಲಿಸಿದರೆ ನಷ್ಟ,
ಕಾಫಿಯನ್ನೂ ಅದು ಓಡುತ್ತಿರುವಾಗಲೇ ಕುಡಿಯಬೇಕು.

ಮತ್ತೊಂದು ಎಲ್ಲವನ್ನೂ ಮೋಡದಲ್ಲಿ ಇಡುತ್ತದಂತೆ.
ಇಡಲಿ. ಹುಟ್ಟಿದ ಊರು ಕೇಳಿತು, ಪಟ್ಟಿ ಮುಂದಿಟ್ಟಿತು.
ಬ ಅಕ್ಷರದ ಊರುಗಳನ್ನೆಲ್ಲ ಎರಡು ಸಲ ಓದಿದೆ.
ಇಲ್ಲ. ಇರಲೂಬಾರದು. ಇದ್ದಿದ್ದರೆ ಸುಳ್ಳು.
ಆ ಜಾಗದಲ್ಲಿ ಈಗ ಕೆರೆ ತುಂಬಿಸುತ್ತಿದ್ದಾರೆ,
ಇನ್ನೆರಡು ಬೇಸಿಗೆ ಕಳೆದರೆ ದೋಣಿ ಬಿಡುತ್ತಾರಂತೆ.

ಕೊನೆಯದು ಸಪ್ಪೆ. ಬಿಳಿ ಹಾಳೆ, ಮಿನುಗುವ ಗೆರೆ, ಅಷ್ಟೆ.
ಏನೂ ಕೇಳಲಿಲ್ಲ. ನಾನೂ ಸುಮ್ಮನೆ ಬರೆದೆ,
ಅವ್ವ ಕೋಳಿಗಳನ್ನು ಕರೆಯುತ್ತಿದ್ದ ಸೋರ್ಬಿಯನ್ ಮಾತಿನಲ್ಲಿ
ಒಂದು ಸಾಲು: ಬ್ರೆಜಿಂಕದಲ್ಲಿ ಹಿಮ ತಡವಾಗಿ ಕರಗುತ್ತಿತ್ತು.
ಪದ ಪದದ ಕೆಳಗೂ ಕೆಂಪು ಅಂಕುಡೊಂಕು ಗೆರೆ.
ಜರ್ಮನ್ ಮಾತ್ರ ಕಲಿತ ತಂತ್ರಾಂಶ, ಪಾಪ, ನೆರವಿಗೆ ಬಂತು:
ಬ್ರೆಜಿಂಕ ಅಲ್ಲ, 'ಬ್ರೆತ್ಸೆಲ್' ಇರಬಹುದೇ?
ಉಪ್ಪು ಉದುರಿಸಿ ಸುಟ್ಟ ರೊಟ್ಟಿ! ನಕ್ಕೆ, ಒಬ್ಬನೇ, ಜೋರಾಗಿ.
ಆಮೇಲೆ ಗೆರೆ ನೋಡಿದೆ. ಗಣಿ ಕಚೇರಿಯ ನಕ್ಷೆಯಲ್ಲೂ
ಊರಿನ ಕೆಳಗೆ ಇದೇ ಬಣ್ಣ. ಅಲ್ಲಿ ನೇರವಾಗಿತ್ತು.

ಬಲಗುಂಡಿ ಒತ್ತಿದರೆ ಮೂರು ದಾರಿ ತೆರೆಯಿತು:
ಕಡೆಗಣಿಸು. ಎಲ್ಲವನ್ನೂ ಕಡೆಗಣಿಸು. ನಿಘಂಟಿಗೆ ಸೇರಿಸು.
ಮೊದಲೆರಡು ನನಗೆ ಅಭ್ಯಾಸ.

ಸೇರಿಸಿದೆ ಬ್ರೆಜಿಂಕ. ಗೆರೆ ಹೋಯಿತು.
ಸೇರಿಸಿದೆ ಹಿಮ. ಸೇರಿಸಿದೆ ತಡ.
ಕಾದಂಬರಿ ಬಿಟ್ಟು ಬರೀ ಪದ ಹುಡುಕತೊಡಗಿದೆ.
ಕೋಳಿಗೂಡಿನ ಅಗುಳಿಗೆ ಒಂದು ಹೆಸರಿತ್ತು,
ಆಗತಾನೆ ಕರೆದ ಹಾಲಿನ ನೊರೆಗೆ ಒಂದು,
ಅಪ್ಪ ಬೈಯುವಾಗ ಮಾತ್ರ ಹೊರಬರುತ್ತಿದ್ದದ್ದು ಒಂದು, ಅದನ್ನೂ.
ಕೆಲವದರ ಕಾಗುಣಿತ ನನಗೇ ಖಾತ್ರಿಯಿಲ್ಲ.
ತಂತ್ರಾಂಶ ಎದುರಾಡಲಿಲ್ಲ. ನಂಬಿತು.

ಗುರುವಾರ ಲಾನ್ ಬಾಗಿಲು ತಟ್ಟಿದಳು. ಎಷ್ಟು ಪುಟ ಆಯಿತು?
ಒಂದು ಸಾಲು, ಅಂದೆ. ಇನ್ನೂರ ಹನ್ನೊಂದು ಪದ ಅದಕ್ಕೀಗ ಗೊತ್ತು.
ಅವಳ ಲೆಕ್ಕದ ಕಡತಗಳ ನಡುವೆಯೇ ಉಳಿಸಿದ್ದೇನೆ—
ಜಿಪ್ ಬದಲಿಸಿದ್ದು, ಎಂಟು ಯೂರೋ; ಕೋಟಿನ ಲೈನಿಂಗ್, ಇಪ್ಪತ್ತೆರಡು.
ಅಳಿಸಬೇಡ, ಅಂದೆ.
ಅವಳು ಎಫ್ ಕೀಲಿಯನ್ನು ಉಗುರಲ್ಲಿ ಎತ್ತುತ್ತ
ನನ್ನೂರಿನ ಹೆಸರನ್ನು ತನ್ನ ನಾಲಗೆಗೆ ಒಗ್ಗಿಸಿ ಓದಿದಳು,
ತಪ್ಪಾಗಿ. ಯಾವ ಗೆರೆಯೂ ಬೀಳಲಿಲ್ಲ.