ಉಳಿಸಬೇಕೆ?

ನೆವಾಡಾದ ವಾಯುನೆಲೆ. ಹ್ಯಾಂಗರಿನ ಹಿಂದಿನ ಕೋಣೆಯಲ್ಲಿ
ವರ್ನಾ ಟಿಲಟ್ಸನ್‌ಗೆ ಕೆಲಸ ಅಂದರೆ
ಅಪಘಾತಕ್ಕೊಂದು ಅಕ್ಷರ ಹಚ್ಚುವುದು.

ಉಗುರು ಕಿತ್ತರೆ ಲೆಕ್ಕಕ್ಕಿಲ್ಲ, ಹಲ್ಲು ಬಿದ್ದರೂ ಇಲ್ಲ.
ಪಾಳಿ ತಪ್ಪಿದರೆ ಸಿ.
ಮಂಡಿ ಇನ್ನೆಂದೂ ಮಡಚದಿದ್ದರೆ, ಒಂದು ಕಣ್ಣು ಹೋದರೆ,
ಬಿ.
ಮಾರ್ಚಿನಲ್ಲಿ ಹೆಬ್ಬಾತೊಂದು ಇಂಜಿನ್ನಿಗೆ ನುಗ್ಗಿತು.
ಯಾರಿಗೂ ತರಚು ಗಾಯವಿಲ್ಲ; ಇಂಜಿನ್ನಿನ ಬೆಲೆ ನೋಡಿ
ಎ ಅಂದರು.
ಹೆಬ್ಬಾತಿಗೆ ಕಾಲಂ ಇಲ್ಲ.

ಇಂಧನ ತುಂಬುವ ಹುಡುಗ ಆರ್ಲೊ ಪೆಟಿಬೋನ್
ಹೋದ ವಾರ ಬಿ ಆದ.
ಒಂಬತ್ತು ದಿನ ರೀನೋ ಆಸ್ಪತ್ರೆಯಲ್ಲಿ
ಬಿ ಆಗಿಯೇ ಉಸಿರಾಡಿದ.
ಫಾರಂ ಮುಗಿಸಬೇಕಲ್ಲ ಎಂಬ ನೆಪ ಹೂಡಿ
ವರ್ನಾ ದಿನಾ ಫೋನು ಮಾಡುವಳು.
ನರ್ಸಿಗೂ ರೂಢಿಯಾಗಿತ್ತು:
"ಇನ್ನೂ ಬಿ-ನೇ ಕಣಮ್ಮ."

ಇವತ್ತು ಹಾಗನ್ನಲಿಲ್ಲ.

ಇಂಜಿನ್ನಿನ ಕಡತದ ಕೆಳಗೇ ಅವನ ಕಡತ.
ಬಿ ಅಳಿಸಿದಳು. ಎ ಒತ್ತಿದಳು,
ಮೇಲಿನದಕ್ಕೆ ಒತ್ತಿದ ಅದೇ ಕೀಲಿ.
ಪರದೆ ಕೇಳಿತು: ಉಳಿಸಬೇಕೆ?

ಹೌದು, ಇಲ್ಲ. ಎರಡೇ ಗುಂಡಿ.
ದಿನಕ್ಕೆ ಇಪ್ಪತ್ತು ಸಲ ನೋಡದೆಯೇ ಒತ್ತುವವಳು
ಕಾಫಿ ಆರಿ ಕೆನೆಗಟ್ಟುವ ತನಕ
ಎರಡನ್ನೂ ಮುಟ್ಟಲಿಲ್ಲ.