ಸಿಗದ ಕಲ್ಲಿನ ಲೆಕ್ಕ

ಬೈತಖೋಲದ ಹಳೆಯ ಐಸ್ ಫ್ಯಾಕ್ಟರಿ ಈಗ ಕಲ್ಲಿನ ಗೋದಾಮು.
ಬಂಗಡೆ ಮಲಗುತ್ತಿದ್ದ ಕಡೆ
ಶಿರಂಗೋಳಿ ಗುಡ್ಡದ ಒಡಲು ಮಲಗಿದೆ
ಉದ್ದುದ್ದ ಪೆಟ್ಟಿಗೆಗಳಲ್ಲಿ, ಐದೈದು ಸಾಲಾಗಿ,
ಮೊಳದಷ್ಟು, ಗೇಣಷ್ಟು, ಬೆರಳಷ್ಟು ತುಂಡು.
ನೆಲ ತೊಳೆದ ದಿನ ಇನ್ನೂ ಮೀನಿನ ವಾಸನೆ ಏಳುತ್ತದೆ.
ನಿಖತ್ ಮೇಡಂ ಮೂಗು ಮುಚ್ಚಿಕೊಂಡೇ
ಭೂತಗನ್ನಡಿ ಹಿಡಿಯುತ್ತಾರೆ.

ನನ್ನದು ಕುಂಚದಲ್ಲಿ ಆಳ ಬರೆಯುವ ಕೆಲಸ.
ದೋಣಿಗಳಿಗೆ ಹೆಸರು ಬರೆಯುತ್ತಿದ್ದ ಕೈ ಇದು;
'ಸಾಗರಕನ್ಯೆ'ಯ ಕೊಂಬು ಬಳುಕಿಸಿದವನು
ಈಗ ೩೮.೫೦, ೪೦.೦೦ ಎಂದು
ನೆಟ್ಟಗೆ ನಿಲ್ಲಿಸುತ್ತೇನೆ.

ಮೇಡಂ ಹೇಳಿಕೊಟ್ಟದ್ದು:
ಇದು ಮರಳುಗಲ್ಲು, ಅಂದರೆ ಒಂದು ಕಾಲಕ್ಕೆ ಹೊಳೆ.
ನಮ್ಮ ಕಾಳಿಯಲ್ಲ, ಹೆಸರಿಡಲು ಯಾರೂ ಇರದಾಗಿನ ಹೊಳೆ.
ಮರಳ ಸಂದಿಯಲ್ಲಿ ಕಾಣದ ಹಾಗೆ ಕರಗಿ
ಯುರೇನಿಯಂ ತನ್ನ ಪಾಡಿಗೆ ಹೋಗುತ್ತಿತ್ತಂತೆ.
ಎಲ್ಲೋ ಒಂದು ಮರ ಬಿದ್ದು, ಕೊಳೆತು, ಮಸಿಯಾಗಿ
ಅಡ್ಡ ಕೂತಿತ್ತು.
ಅಲ್ಲಿ ನಿಂತಿತು.
'ಕರಿ ಗೆರೆ ಕಂಡರೆ ಕರೆಯಿರಿ ತಾಂಡೇಲ.'
ಕರೆಯುತ್ತೇನೆ. ಯಂತ್ರ ಹಿಡಿಯುತ್ತಾರೆ.
ಒಗ್ಗರಣೆಯ ಸಾಸಿವೆ ಸಿಡಿದಂತೆ ಸದ್ದು.

ಕೊರೆಯುವವನು ಲಖಿಂದರ್, ದೂರದವನು.
ಅವನೂರಿಗೂ ಮೊದಲು ಬಂದದ್ದು ಇಂಥದೇ ಜೀಪು, ಇಂಥದೇ ಪೆಟ್ಟಿಗೆ.
ಆಮೇಲೆ? ಎಂದರೆ
ಬೀಡಿ ಹಚ್ಚುತ್ತಾನೆ.

ಕೆಲವೆಡೆ ಕಲ್ಲು ಮೇಲೆ ಬರುವುದೇ ಇಲ್ಲ,
ಪುಡಿಯಾಗಿ ಕೆಸರಿನ ಜೊತೆ ಹರಿದಿರುತ್ತದೆ.
ಆ ಜಾಗ ಖಾಲಿ ಬಿಡುವಂತಿಲ್ಲ.
ಬಿಟ್ಟರೆ ಅದರ ಕೆಳಗಿನ ಆಳವೆಲ್ಲ ಸುಳ್ಳು.
ಒಂದು ಕಟ್ಟಿಗೆ ತುಂಡು ಇಟ್ಟು
ಎಷ್ಟು ಸಿಗಲಿಲ್ಲ ಎಂದು ಅದರ ಮೇಲೆ ಬರೆಯಬೇಕು.
ಐಸ್ ಪೆಟ್ಟಿಗೆಯ ಹಲಗೆಯನ್ನೇ ಕೊಯ್ದು ಇಡುತ್ತೇನೆ.

ಪರವಾನಗಿಯ ಸಭೆ ಶಾಲೆಯ ಅಂಗಳದಲ್ಲಿ, ಶಾಮಿಯಾನದಡಿ.
ಒಂದು ಮರವೂ ಬೀಳುವುದಿಲ್ಲ ಎಂದರು ಮೈಕಿನಲ್ಲಿ.
ಬರೀ ತೂತು. ನಲವತ್ತು ತೂತು. ಮುಚ್ಚಿಯೂ ಕೊಡುತ್ತೇವೆ.
ನಾನು ಹಿಂದೆ ಮಾದರಿ ಕಲ್ಲು ಹಿಡಿದು ನಿಂತಿದ್ದೆ,
ಮದುವೆ ಮನೆಯಲ್ಲಿ ಉಡುಗೊರೆ ಹಿಡಿದವನ ಹಾಗೆ.
ಶೆವಂತಿ ವೇಳಿಪ ಎದ್ದು, ಕೊಂಕಣಿಯಲ್ಲಿ,
ಮೈಕು ಬೇಡವೆಂದು, ನಾಲ್ಕು ನಿಮಿಷ ಆಡಿದಳು.
ಆ ಝರಿ ಯಾವ ತಿಂಗಳು ಎಲ್ಲಿ ಹೊರಬೀಳುತ್ತದೆ,
ಯಾವ ತಿಂಗಳು ಕಲ್ಲೊಳಗೇ ಇರುತ್ತದೆ,
ಒಳಗಿದ್ದಾಗ ಅದನ್ನು ಕೇಳುವುದು ಹೇಗೆ.
ನಡಾವಳಿಯಲ್ಲಿ ಬಂತು:
'ಒಬ್ಬ ಮಹಿಳೆ ನೀರಿನ ಬಗ್ಗೆ ಮಾತನಾಡಿದರು.'

ಮೊನ್ನೆ ಅವಳೇ ಬಂದಳು, ಮೊದಲ ಬಸ್ಸಿಗೆ,
ಚೀಲದಲ್ಲಿ ಮುಡ್ಲಿ ಗಡ್ಡೆ.
'ನನ್ನ ಹಕ್ಕಲದಿಂದ ತೆಗೆದದ್ದು ಯಾವುದು?'
ತೋರಿಸಬಾರದೆಂದು ಕಾಗದವಿದೆ.
ತೋರಿಸಿದೆ.
ಕುಕ್ಕರುಗಾಲಲ್ಲಿ ಕೂತು, ಗಡ್ಡೆ ಹಣ್ಣಾಯಿತೇ ಎಂದು ನೋಡುವಂತೆ
ಉಗುರಿನಿಂದ ಕೆರೆದಳು. ಮೂಸಿದಳು.
'ಮೀನು,' ಎಂದಳು. ನಕ್ಕೆವು.

ನಲವತ್ತೊಂದನೆಯ ಮೀಟರಿನಲ್ಲಿ ಬೆರಳು ನಿಂತಿತು.
'ಈ ಕಟ್ಟಿಗೆ?'
ಅಲ್ಲಿಯ ಕಲ್ಲು ಸಿಗಲಿಲ್ಲ ಅಕ್ಕಾ, ಸಿಗದ್ದಕ್ಕೆ ಗುರುತು.
ಗುರುತಿಲ್ಲದಿದ್ದರೆ ಕೆಳಗಿನ ಲೆಕ್ಕವೆಲ್ಲ ತಪ್ಪುತ್ತದೆ.
ತುಂಡನ್ನು ಎತ್ತಿ, ತಿರುಗಿಸಿ, ಇದ್ದಲ್ಲೇ ಇಟ್ಟಳು.
'ಕಲ್ಲಿಗೆ ಒಳ್ಳೆಯ ಲೆಕ್ಕ ಇಡುತ್ತೀರಿ.'
ಎರಡು ಗಡ್ಡೆ ನನ್ನ ಮೇಜಿನ ಮೇಲಿಟ್ಟು
ಹನ್ನೊಂದರ ಬಸ್ಸಿಗೆ ಹೋದಳು.

ಸಂಜೆ ಇನ್ನೊಂದು ಹಲಗೆ ಕೊಯ್ದೆ.
ದೋಣಿಯ ಅಕ್ಷರದಲ್ಲಿ, ಬಳುಕಿಸಿ,
'೪ ನಿಮಿಷ' ಎಂದು ಬರೆದೆ.
ಫೈಲಿನಲ್ಲಿ ಹಿಡಿಯುವುದಿಲ್ಲ, ಪೆಟ್ಟಿಗೆಯಲ್ಲಿ ಜಾಗವಿಲ್ಲ.
ಪಡುಗಾಳಿಗೆ ಬಡಿಯುವ ಬಾಗಿಲ ಸಂದಿಗೆ
ಒತ್ತಿಟ್ಟಿದ್ದೇನೆ.

ಮೇಡಂ ಎಡವಿ, ಬಗ್ಗಿ ನೋಡಿದರು:
'ಇದು ಯಾವ ಬೋರಿನದು ತಾಂಡೇಲ?'
ಇನ್ನೂ ನಂಬರು ಕೊಟ್ಟಿಲ್ಲ ಮೇಡಂ, ಎಂದೆ.